ಕಾಳಿ ಅಳಿವೆಯಲ್ಲಿ ಉಪ್ಪು ಅಳೆದದ್ದು

ಸಿರ್ಸಿಯವನಾದ ನನಗೆ ಕಾಳಿ ನದಿ ಅಂದ್ರೆ ಬಸ್ಸಿನ ಕಿಟಕಿಯಿಂದ ಕಾಣುವ ಅಗಲದ ನೀರು, ಅಷ್ಟೇ. ಕಳೆದ ಅಕ್ಟೋಬರಿನಲ್ಲಿ ಅದರ ನಡುವೆ ದೋಣಿಯಲ್ಲಿ ಕೂರುವ ಹಾಗಾಯ್ತು. ಅಕ್ಕನ ಮಗಳು ಕಾರವಾರದ ಕೋಡಿಬಾಗದಲ್ಲಿ ಕಡಲ ಜೀವಶಾಸ್ತ್ರ ಓದುತ್ತಿದ್ದಾಳೆ. ಪ್ರಾಜೆಕ್ಟಿಗೆ ಅಳಿವೆಯ, ಅಂದ್ರೆ ನದಿ ಕಡಲು ಸೇರುವ ಜಾಗದ, ನೀರು ಬೇಕಿತ್ತು. "ಹಗ್ಗ ಹಿಡಿಯೋಕೆ ಜನ ಇಲ್ಲ, ಬಾ ಮಾವ" ಅಂದಳು.

ಮೊದಲು ಇಳಿಸಿದ್ದು ಕಪ್ಪು-ಬಿಳುಪಿನ ಒಂದು ತಟ್ಟೆ, ಸೆಕ್ಕಿ ಡಿಸ್ಕ್. ಅದು ಕಣ್ಣಿಗೆ ಮರೆಯಾದಾಗ ಹಗ್ಗದಲ್ಲಿ ಒಂದು ಗುರುತು, ಮೇಲೆಳೆಯುವಾಗ ಮತ್ತೆ ಕಂಡಲ್ಲಿ ಇನ್ನೊಂದು. ಎರಡರ ಸರಾಸರಿ ತೆಗೆದರೆ ನೀರು ಎಷ್ಟು ತಿಳಿಯಾಗಿದೆ ಅಂತ ಗೊತ್ತಾಗುತ್ತದೆ. 1865ರಲ್ಲಿ ಆಂಜೆಲೊ ಸೆಕ್ಕಿ ಎಂಬ ಇಟಲಿಯ ಪಾದ್ರಿ ಪೋಪರ ಹಡಗಿನಿಂದ ಹೀಗೇ ತಟ್ಟೆ ಇಳಿಸಿ ನೋಡಿದ್ದನಂತೆ, ಇವತ್ತಿಗೂ ಅದೇ ಉಪಾಯ!

ಆಮೇಲೆ ಎರಡೂ ತುದಿ ತೆರೆದ ಒಂದು ಕೊಳವೆ. ತಳದ ಹತ್ತಿರ ಇಳಿಸಿ, ಹಗ್ಗದ ಗುಂಟ ಒಂದು ಲೋಹದ ತೂಕ ಬಿಟ್ಟರೆ ಅದು ಜಾರಿಕೊಂಡು ಹೋಗಿ ಬಡಿದು ಎರಡೂ ಮುಚ್ಚಳ ಹಾಕುತ್ತದೆ. ಆ ಟಕ್ ಅನ್ನೋದು ಕೇಳಿಸಲ್ಲ, ಬೆರಳಿಗೆ ತಾಗುತ್ತೆ. ಮೇಲೆ ಬಂದ ನೀರಿನ ಒಂದೇ ಹನಿ ಉಪ್ಪಿನ ಅಂಶ ಅಳೆಯುವ ರಿಫ್ರಾಕ್ಟೋಮೀಟರಿನ ಗಾಜಿಗೆ ಬಿಟ್ಟು ಬೆಳಕಿಗೆ ಹಿಡಿದು ನೋಡಿದೆ. ಮೇಲೆ ನೀಲಿ, ಕೆಳಗೆ ಬಿಳಿ, ನಡುವಿನ ಗೆರೆ 30ರ ಹತ್ತಿರ. ತೆರೆದ ಸಮುದ್ರದ್ದು ಸರಾಸರಿ 35, ಅಂದ್ರೆ ಒಂದು ಕಿಲೋ ನೀರಿಗೆ 35 ಗ್ರಾಂ ಉಪ್ಪು. ಅದೇ ಜಾಗದ ಮೇಲ್ಪದರದ ನೀರು ಹಾಕಿದರೆ ಗೆರೆ 10ಕ್ಕೂ ಏರಲಿಲ್ಲ.

ಉಪ್ಪುನೀರು ಭಾರ ಅಲ್ವಾ, ಭರತಿ ಏರುವಾಗ ಅದು ತಳದಲ್ಲಿ ಒಳಗೆ ನುಗ್ಗುತ್ತದೆ, ನದಿಯ ಸಿಹಿನೀರು ಅದರ ಬೆನ್ನ ಮೇಲೆ ಕಡಲಿಗೆ ಹೋಗುತ್ತಿರುತ್ತದೆ. ಮೇಲೆ ಕದ್ರಾ ಅಣೆಕಟ್ಟಿನಿಂದ ನೀರು ಜಾಸ್ತಿ ಬಿಟ್ಟರೆ ಲೆಕ್ಕವೇ ಬೇರೆ. ದೋಣಿಯವರಿಗೆ ಇದೇನೂ ಹೊಸದಲ್ಲ. "ತಳದ ಬಲೆಗೆ ಬೀಳೋ ಮೀನೇ ಬೇರೆ" ಅಂತ ಹುಟ್ಟು ಹಾಕುತ್ತಲೇ ಹೇಳಿದರು.

ಅವಳ ಪುಸ್ತಕದಲ್ಲಿ ಪ್ರತಿ ಅಂಕಿಯ ಪಕ್ಕ ಗಂಟೆ, ಆಳ, ಭರತಿಯೋ ಇಳಿತವೋ ಎಲ್ಲ ಇತ್ತು. ಅದಿಲ್ಲದಿದ್ದರೆ ಆ ಅಂಕಿ ಯಾತಕ್ಕೂ ಬಾರದು. ಒಂದು ಬಾಟಲಿ ನೀರು ತೆಗೆದು "ಹೊಳೆ ಉಪ್ಪಾಗಿದೆ" ಅಂತ ಯಾರಾದ್ರೂ ಹೇಳಿದರೆ ಈಗ ನಾನು ಮೊದಲು ಕೇಳೋದು, ಎಷ್ಟು ಆಳದ್ದು, ಎಷ್ಟು ಹೊತ್ತಿಗೆ ತೆಗೆದದ್ದು ಅಂತ. ಅವಳಿಗೆ ಅಷ್ಟೂ ಸಾಲದು. ಅಮಾವಾಸ್ಯೆಯ ದೊಡ್ಡ ಭರತಿಗೊಮ್ಮೆ, ಅಷ್ಟಮಿ ಹೊತ್ತಿನ ಸಣ್ಣ ಭರತಿಗೊಮ್ಮೆ ಬೇರೆ ಬೇರೆ ತೆಗೀಬೇಕಂತೆ.