ಒಳಗಿದ್ದ ಸಣ್ಣ ಫೈಲಿನ ಸಹಿ

ಆರು ತಿಂಗಳು ಕೂತು ಬರೆದ ಆ್ಯಪ್ ಅದು. ರಾಶಿ ಫೋಟೊಗಳನ್ನು ವಿಂಗಡಿಸಿಡುವ ಕೆಲಸ ಅದರದ್ದು. ನನ್ನ ಮ್ಯಾಕ್‌ನಲ್ಲಿ ಚೆನ್ನಾಗಿ ಓಡುತ್ತಿತ್ತು. ಗೆಳೆಯನಿಗೆ ಲಿಂಕ್ ಕಳಿಸಿದೆ. ಐದೇ ನಿಮಿಷಕ್ಕೆ ಅವನ ಫೋನ್ ಬಂತು.

"ತೆರೆಯೋಕೇ ಬಿಡ್ತಿಲ್ಲ ಕಣೋ. ಇದ್ರಲ್ಲಿ ಮಾಲ್‌ವೇರ್ ಇಲ್ಲ ಅಂತ ಖಾತ್ರಿ ಮಾಡ್ಕೊಳ್ಳೋಕಾಗಲ್ಲ ಅಂತಿದೆ."

ಆ ಮಾತು ಚುಚ್ಚಿತು. ಆ್ಯಪಲ್‌ನ ಡೆವಲಪರ್ ಖಾತೆಗೆ ವರ್ಷದ 99 ಡಾಲರ್ ಕಟ್ಟಿದ್ದೆ, ಬರೆದವರು ಯಾರೆಂದು ತೋರಿಸುವ ಡೆವಲಪರ್ ಐಡಿ ಸರ್ಟಿಫಿಕೇಟ್‌ನಿಂದ ಆ್ಯಪ್‌ಗೆ ಡಿಜಿಟಲ್ ಸಹಿಯನ್ನೂ ಹಾಕಿದ್ದೆ. ಆದರೆ 2019ರ ಮ್ಯಾಕ್‌ಓಎಸ್ ಕ್ಯಾಟಲಿನಾದಿಂದ ಬರೀ ಸಹಿ ಸಾಲದು, ನೋಟರೈಸ್ ಕೂಡ ಆಗಿರಬೇಕು, ಅಂದರೆ ಆ್ಯಪನ್ನು ಆ್ಯಪಲ್‌ಗೆ ಕಳಿಸಿ ಪರೀಕ್ಷೆ ಮಾಡಿಸಿರಬೇಕು. ನನ್ನ ಮ್ಯಾಕ್ ಯಾಕೆ ತಕರಾರು ಮಾಡಲಿಲ್ಲ? ಬ್ರೌಸರ್‌ನಂಥವುಗಳಿಂದ ಇಳಿಸಿಕೊಂಡ ಫೈಲಿಗೆ ಹೊರಗಿನಿಂದ ಬಂದದ್ದು ಅಂತ ಕ್ವಾರಂಟೈನ್ ಗುರುತು ಬೀಳುತ್ತದೆ. ಆ ಗುರುತು ಕಂಡರೆ ಮ್ಯಾಕ್‌ನ ಕಾವಲುಗಾರ ಗೇಟ್‌ಕೀಪರ್ ತಪಾಸಣೆ ಮಾಡುತ್ತದೆ. ನಾನೇ ಬಿಲ್ಡ್ ಮಾಡಿದ್ದಕ್ಕೆ ಗುರುತು ಎಲ್ಲಿಂದ ಬರಬೇಕು?

ಸರಿ, ಆ್ಯಪನ್ನು ಜಿಪ್ ಮಾಡಿ ನೋಟರಿಟೂಲ್ ಎಂಬ ಕಮಾಂಡ್‌ನಿಂದ ಆ್ಯಪಲ್‌ಗೆ ಕಳಿಸಿದೆ. ಆ ಕಡೆ ಕೂತು ನೋಡುವವರು ಯಾರೂ ಇರುವುದಿಲ್ಲ. ಮಾಲ್‌ವೇರ್ ಇದೆಯಾ, ಸಹಿ ಸರಿಯಿದೆಯಾ ಅಂತ ಯಂತ್ರವೇ ಪರೀಕ್ಷಿಸುತ್ತದೆ. ಸ್ವಲ್ಪ ಹೊತ್ತಿಗೆ ಉತ್ತರ ಬಂತು: ಇನ್‌ವ್ಯಾಲಿಡ್. ಅಷ್ಟೇ.

ಇಲ್ಲಿ ಊಹೆ ಮಾಡುತ್ತಾ ಕೂರಬಾರದು. ಕಳಿಸಿದಾಗ ಸಿಗುವ ಸಬ್ಮಿಷನ್ ಐಡಿ ಕೊಟ್ಟು ಪರೀಕ್ಷೆಯ ವರದಿಯಾದ ಲಾಗ್ ತರಿಸಿಕೊಳ್ಳಬೇಕು. ತಪ್ಪಿರುವ ಫೈಲಿನ ದಾರಿಯನ್ನೇ ಅದು ತೋರಿಸುತ್ತದೆ. ನನ್ನದರಲ್ಲಿ ಇದ್ದದ್ದು ಒಂದೇ ಫೈಲು. ಫೋಟೊ ಕಿರಿದು ಮಾಡಲು ರಿಸೋರ್ಸಸ್ ಫೋಲ್ಡರ್‌ನಲ್ಲಿ ಇಟ್ಟಿದ್ದ ಪುಟ್ಟ ಪ್ರೋಗ್ರಾಂ. ಅದಕ್ಕೆ ಡೆವಲಪರ್ ಐಡಿ ಸಹಿಯಿಲ್ಲ, ಸಹಿ ಹಾಕಿದ ಹೊತ್ತು ಹೇಳುವ ಟೈಮ್‌ಸ್ಟಾಂಪ್ ಇಲ್ಲ, ಓಡುವಾಗ ಪ್ರೋಗ್ರಾಂನಲ್ಲಿ ಬೇರೆಯವರು ಕೈಯಾಡಿಸದಂತೆ ತಡೆಯುವ ಹಾರ್ಡನ್ಡ್ ರನ್‌ಟೈಮ್ ಇಲ್ಲ.

ಸಹಿ ಹಾಕುವ ಕಮಾಂಡ್ ಕೋಡ್‌ಸೈನ್‌ಗೆ ಡೀಪ್ ಆಯ್ಕೆ ಕೊಟ್ಟರೆ ಒಳಗಿನದಕ್ಕೆಲ್ಲ ಸಹಿ ಬೀಳುತ್ತದೆ ಅಂತ ನಂಬಿದ್ದೆ. ಬೀಳುವುದಿಲ್ಲ. ಕೋಡ್ ಇರಬೇಕಾದ ಜಾಗಗಳಲ್ಲಷ್ಟೇ ಅದು ಹುಡುಕುತ್ತದೆ. ರಿಸೋರ್ಸಸ್ ಅಂದರೆ ಅದರ ಲೆಕ್ಕದಲ್ಲಿ ಬರೀ ಡೇಟಾ. ಹಾಗಾಗಿ ಒಳಗಿನಿಂದ ಹೊರಗೆ ಸಹಿ ಹಾಕುತ್ತಾ ಬಂದೆ. ಮೊದಲು ಆ ಪುಟ್ಟ ಪ್ರೋಗ್ರಾಂ, ಆಮೇಲೆ ಆ್ಯಪ್ ಬಳಸುವ ಕೋಡ್ ಕಟ್ಟುಗಳಾದ ಫ್ರೇಮ್‌ವರ್ಕ್‌ಗಳು, ಕೊನೆಗೆ ಇಡೀ ಆ್ಯಪ್. ಹೊರಗಿನ ಸಹಿ ಒಳಗಿನದನ್ನೆಲ್ಲ ಸೀಲ್ ಮಾಡುತ್ತದೆ. ಆಮೇಲೆ ಒಳಗೆ ಏನು ಮುಟ್ಟಿದರೂ ಸೀಲ್ ಒಡೆಯಿತು ಅಂತಲೇ ಅರ್ಥ. ಈ ಕ್ರಮ ನನಗೆ ತುಂಬಾ ಇಷ್ಟವಾಯಿತು. ಕಳಿಸಿದವರು ಯಾರು, ದಾರಿಯಲ್ಲಿ ಯಾರಾದರೂ ಬದಲಾಯಿಸಿದರಾ ಅಂತ ತಿಳಿಯುವ ಹಕ್ಕು ಬಳಸುವವರಿಗೆ ಇರಬೇಕು, ಅಲ್ವಾ?

ಮತ್ತೆ ಕಳಿಸಿದೆ. ಸಂಜೆಗೆ 'ಆಕ್ಸೆಪ್ಟೆಡ್' ಬಂತು. ಗೆಳೆಯನಲ್ಲೂ ತೆರೆಯಿತು. ಆದರೆ ಅದೇ ಜಿಪ್ಪನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋದ ಅವನ ಅಕ್ಕನಿಗೆ ತೆರೆಯಲಿಲ್ಲ. ಅವರ ಲ್ಯಾಪ್‌ಟಾಪ್‌ಗೆ ಆಗ ನೆಟ್ ಇರಲಿಲ್ಲ. ನೋಟರೈಸ್ ಆಗಿದೆ ಅನ್ನುವ ಪುರಾವೆಯಾದ ಟಿಕೆಟ್ಟನ್ನು ಆ್ಯಪ್‌ಗೆ ಅಂಟಿಸದಿದ್ದರೆ ಗೇಟ್‌ಕೀಪರ್ ಅದನ್ನು ನೆಟ್‌ನಲ್ಲೇ ಕೇಳಬೇಕು. ಜಿಪ್ಪಿಗೆ ಟಿಕೆಟ್ ಅಂಟುವುದಿಲ್ಲ, ನಾನು ಕಳಿಸಿದ್ದ ಜಿಪ್ಪನ್ನೇ ಹಂಚಿದ್ದೆ. ಸ್ಟೇಪ್ಲರ್ ಎಂಬ ಕಮಾಂಡ್‌ನಿಂದ ಆ್ಯಪ್‌ಗೇ ಟಿಕೆಟ್ ಅಂಟಿಸಿ ಹೊಸ ಜಿಪ್ ಮಾಡಿದೆ.

ಈ ಆ್ಯಪನ್ನು ಒಮ್ಮೆಯೂ ಕಂಡಿರದ ಇನ್ನೊಂದು ಮ್ಯಾಕ್ ಹುಡುಕಿದೆ. ಬ್ರೌಸರ್‌ನಿಂದ ಇಳಿಸಿ, ವೈಫೈ ಆರಿಸಿ, ಡಬಲ್ ಕ್ಲಿಕ್ ಮಾಡಿದೆ. ತೆರೆಯಿತು. ಆಗ ಅಕ್ಕನಿಗೆ ಹೊಸ ಜಿಪ್ ಕಳಿಸಿದೆ.