ಲಾರಿ ಕಾಯುತ್ತಿತ್ತು, ನಾನು ಎಚ್ ಒನ್ ನೋಡಲೇ ಇಲ್ಲ

ಕಾಫಿಪುಡಿ ಪ್ಯಾಕಿಂಗ್ ಯೂನಿಟ್‌ನಲ್ಲಿ ನಾನು ಕ್ಯೂಸಿ, ಅಂದರೆ ಗುಣಮಟ್ಟ ನೋಡುವವಳು. ಅವತ್ತು ಸೆಕೆಂಡ್ ಶಿಫ್ಟ್. ಅರ್ಧ ಕೆಜಿ ಪ್ಯಾಕೆಟ್ ತೂಕ ಕಡಿಮೆ ಬರ್ತಿದೆ ಅಂತ ಒಂದು ಅಂಗಡಿಯಿಂದ ದೂರು ಬಂದಿತ್ತು. ಲೈನಿನಿಂದ 10 ಪ್ಯಾಕೆಟ್ ಎತ್ತಿಕೊಂಡೆ. ಒಂದೊಂದನ್ನೂ ಕತ್ತರಿಸಿ, ಪುಡಿ ಸುರಿದು, ಖಾಲಿ ಪೌಚನ್ನು ಬೇರೆಯಾಗಿ ತೂಗಿದೆ. ನೆಟ್ ಸರಾಸರಿ 496.8 ಗ್ರಾಂ, ಎಸ್‌ಡಿ (ಪ್ಯಾಕೆಟ್‌ನಿಂದ ಪ್ಯಾಕೆಟ್‌ಗೆ ತೂಕದ ಏರುಪೇರು) 4.8.

"ಮೇಡಂ, ಗಾಡಿ ಬಿಡ್ಲಾ?" ಡಿಸ್ಪ್ಯಾಚ್‌ನವರು ಆಗಲೇ ಎರಡು ಸಲ ಬಾಗಿಲಿಗೆ ಬಂದಿದ್ದರು. ಡ್ರೈವರ್ ಇಂಜಿನ್ ಸ್ಟಾರ್ಟ್ ಮಾಡಿಟ್ಟಿದ್ದ. ಆ ಸದ್ದು ಲ್ಯಾಬಿನೊಳಗೂ ಕೇಳುತ್ತಿತ್ತು. ಎಕ್ಸೆಲ್ ಟೆಂಪ್ಲೇಟ್‌ಗೆ ಅಂಕಿ ಹಾಕಿದೆ. ಟಿ, ಅಂದರೆ ಏರುಪೇರಿಗೆ ಹೋಲಿಸಿದರೆ ಸರಾಸರಿ 500ರಿಂದ ಎಷ್ಟು ದೂರ ಅನ್ನುವ ಅಂಕಿ, ಮೈನಸ್ 2.11. ಕ್ರಿಟಿಕಲ್, ಅಂದರೆ ಅದು ದಾಟಬೇಕಾದ ಗಡಿ, 2.262. ದಾಟಿಲ್ಲ. ಎಚ್ ನಾಟ್, ಅಂದರೆ ಸರಾಸರಿ 500 ಇದೆ ಅನ್ನುವ ಊಹೆ, ರಿಜೆಕ್ಟ್ ಆಗಲಿಲ್ಲ. "ಸರಾಸರಿ 500 ಗ್ರಾಂ, ಓಕೆ" ಅಂತ ರಿಜಿಸ್ಟರ್‌ನಲ್ಲಿ ಬರೆದು ಸಹಿ ಹಾಕಿದೆ.

ರಾತ್ರಿ ಊಟಕ್ಕೆ ಕೂತಾಗ ಹೊಳೆಯಿತು. 2.262 ಟೂ ಟೇಲ್‌ನ ಗಡಿ, ಅಂದರೆ ಹೆಚ್ಚು, ಕಡಿಮೆ ಎರಡೂ ಕಡೆ ನೋಡುವ ಪರೀಕ್ಷೆಯದು. ಟೆಂಪ್ಲೇಟ್ ನೋಡಿದ್ದು ಸರಾಸರಿ 500ರಿಂದ ಬೇರೆ ಇದೆಯಾ ಅಂತ. ಅಂಗಡಿಯವರು ಕೇಳಿದ್ದು ಕಡಿಮೆ ಇದೆಯಾ ಅಂತ. ತೂಗುವ ಮೊದಲೇ ಎಚ್ ಒನ್ (ಎಚ್ ನಾಟ್‌ಗೆ ಎದುರಾಗಿ ಇಡುವ ಊಹೆ) ಜಾಗದಲ್ಲಿ "ಮ್ಯೂ (ನಿಜವಾದ ಸರಾಸರಿ) 500ಕ್ಕಿಂತ ಕಡಿಮೆ" ಅಂತ ಬರೆದಿದ್ದರೆ ಒಂದೇ ಕಡೆ ನೋಡುವ ಗಡಿ 1.833 ಆಗುತ್ತಿತ್ತು. ಲಾರಿ ಹೊರಡುತ್ತಿರಲಿಲ್ಲ. "ಓಕೆ" ಅಂದದ್ದೂ ತಪ್ಪೇ. ಎಚ್ ನಾಟ್ ಉಳಿದರೆ 500 ಇದೆ ಅಂತ ಸಾಬೀತಾಗಲ್ಲ. ಟೂ ಟೇಲ್ ಗಡಿಯಲ್ಲಿ 500ರಿಂದ ಬೇರೆ ಅಂತ ಹೇಳಲು ಆ 10 ಪ್ಯಾಕೆಟ್ ಸಾಲಲಿಲ್ಲ, ಅಷ್ಟೇ. ಒಂದೊಂದು ಪ್ಯಾಕೆಟ್ 15 ಗ್ರಾಂವರೆಗೆ ಕಮ್ಮಿ ಇದ್ದರೆ ಲೀಗಲ್ ಮೆಟ್ರಾಲಜಿ ನಿಯಮ ಒಪ್ಪುತ್ತದೆ. ಸರಾಸರಿ ಕಮ್ಮಿಯಾದರೆ ಒಪ್ಪಲ್ಲ.

ಬೆಳಿಗ್ಗೆ ಮ್ಯಾನೇಜರ್‌ಗೆ ಹೇಳಿದೆ. "ರಿಸಲ್ಟ್ ನೋಡಿದ ಮೇಲೆ ಟೇಲ್ ಬದಲಾಯಿಸ್ತೀರಾ?" ಅಂದರು. ಸರಿಯಾದ ಮಾತು. ಹಳೆಯ ಅಂಕಿ ಪಕ್ಕಕ್ಕಿಟ್ಟೆ. ಎಚ್ ಒನ್ ಮೊದಲು ಬರೆದು, ಹೊಸದಾಗಿ 40 ಪ್ಯಾಕೆಟ್ ತೂಗಿದೆ. ಸರಾಸರಿ 497.1, ಎಸ್‌ಡಿ 4.6, ಟಿ ಮೈನಸ್ 3.99. ಗಡಿ 1.685 ಮಾತ್ರ. ಹೋದ ಮಾಲನ್ನು ವಾಪಸ್ ತರಿಸಿದೆವು.

ಕಾರಣ ಪೌಚು. ಹೊಸ ಜಿಪ್ ಪೌಚ್ 12 ಗ್ರಾಂ, ಹಳೆಯದು 9. ಮೆಷಿನ್‌ನಲ್ಲಿ ಟೇರ್ (ಖಾಲಿ ಪೌಚಿಗೆಂದು ಕಳೆಯುವ ತೂಕ) ಯಾರೂ ಬದಲಾಯಿಸಿರಲಿಲ್ಲ. ನನ್ನ ಮೊದಲ ಶೀಟಿನಲ್ಲೇ ಪೌಚ್ ಕಾಲಂ ಪೂರ್ತಿ 12, 12, 12 ಅಂತಿತ್ತು. ನನ್ನದೇ ಕೈಬರಹ. ಅದು ಈಗಲೂ ಚುಚ್ಚುತ್ತದೆ.

ಟೆಂಪ್ಲೇಟ್ ಬದಲಾಯಿಸಿ ಅಂತ ಮೂರು ಸಲ ಮೇಲ್ ಹಾಕಿದ್ದೇನೆ. ಇನ್ನೂ ಟೂ ಟೇಲೇ ಇದೆ. ಅಲ್ಲಿಯವರೆಗೆ ಮೊದಲ ಪ್ಯಾಕೆಟ್ ಕತ್ತರಿಸುವ ಮುಂಚೆ ಎಚ್ ಒನ್ ಅನ್ನು ಪೆನ್ನಿನಲ್ಲಿ ಬರೆದು, ಪಕ್ಕದಲ್ಲಿ ಟೈಮ್ ಹಾಕುತ್ತಿದ್ದೇನೆ.