ಎಂಇಎಲ್‌ನಲ್ಲಿ ಅಂಕಿ ನೋಡಿ ನಿಲ್ಲಿಸಬೇಡಿ

ವಿಮಾನದಲ್ಲಿ ಏನಾದರೂ ಕೆಟ್ಟರೆ ಪ್ರತಿ ಸಲವೂ ಹಾರಾಟ ರದ್ದಾಗುವುದಿಲ್ಲ. ಯಾವ ಭಾಗ ಕೆಟ್ಟಾಗ ಹೊರಡಬಹುದು, ಯಾವ ಷರತ್ತಿನ ಮೇಲೆ, ಎಷ್ಟು ದಿನದೊಳಗೆ ರಿಪೇರಿ ಆಗಬೇಕು ಅಂತ ಎಂಇಎಲ್ (ಮಿನಿಮಮ್ ಎಕ್ವಿಪ್‌ಮೆಂಟ್ ಲಿಸ್ಟ್) ಹೇಳುತ್ತದೆ. ಅದರಲ್ಲಿ ಬಿ ವರ್ಗದ ದೋಷಕ್ಕೆ 3 ದಿನ, ಸಿ ವರ್ಗದ ದೋಷಕ್ಕೆ 10 ದಿನ. ಲೈನ್ ಮೇಂಟೆನೆನ್ಸ್ ಇಂಜಿನಿಯರ್ ಆದ ನನಗೆ ಇದು ದಿನಾ ಕೈಯಲ್ಲಿರುವ ಪುಸ್ತಕ.

ಒಂದು ಬೆಳಗಿನ ಜಾವ ಒಂದು ಇಂಜಿನ್ನಿನ ಜನರೇಟರ್ ಕೈಕೊಟ್ಟಿತು. ಪ್ರಯಾಣಿಕರು ಆಗಲೇ ಕೂತಿದ್ದರು. ಕ್ಯಾಪ್ಟನ್ ಒಳ್ಳೆಯ ಅನುಭವಿ. ಟ್ಯಾಬ್‌ನಲ್ಲಿ ಆ ಪುಟ ತೆಗೆದು ತೋರಿಸಿದರು: ಇರುವುದು 2, ಬೇಕಾದದ್ದು 1. "ಆಯ್ತಲ್ಲ, ಡಿಫರ್ ಮಾಡಿ, ಹೊರಡೋಣ" ಅಂದರು. ಡಿಫರ್ ಅಂದರೆ ರಿಪೇರಿ ಮುಂದಕ್ಕೆ ಹಾಕುವುದು. ಅಂಕಿಯ ಪಕ್ಕದಲ್ಲೇ ಷರತ್ತು ಇತ್ತು: ಹಾರಾಟದ ಉದ್ದಕ್ಕೂ ಎಪಿಯು ಜನರೇಟರ್ ಓಡುತ್ತಿರಬೇಕು. ಎಪಿಯು ಅಂದರೆ ಬಾಲದಲ್ಲಿರುವ ಪುಟ್ಟ ಇಂಜಿನ್. "ಸರ್, ಎಪಿಯು ನಿನ್ನೆಯಿಂದಲೇ ಕೆಟ್ಟಿದೆಯಲ್ಲ" ಅಂತ ಟೆಕ್ ಲಾಗ್, ಅಂದರೆ ವಿಮಾನದ ದೋಷಗಳನ್ನು ಬರೆದಿಡುವ ಪುಸ್ತಕ, ತೆರೆದು ತೋರಿಸಿದೆ. ಅದರ ಸ್ವಿಚ್ಚಿನ ಪಕ್ಕ ಸ್ಟಿಕ್ಕರ್ ಕೂಡ ಅಂಟಿಸಿತ್ತು.

ಎಪಿಯು ಇಲ್ಲದೆ ಹೋಗಬಹುದು. ಒಂದು ಜನರೇಟರ್ ಇಲ್ಲದೆಯೂ ಹೋಗಬಹುದು. ಎರಡೂ ಇಲ್ಲದಿದ್ದರೆ ಇಡೀ ವಿಮಾನದ ಕರೆಂಟು ಒಂದೇ ಜನರೇಟರ್ ಮೇಲೆ ನಿಲ್ಲುತ್ತದೆ. ಅದೂ ಹೋದರೆ ಉಳಿಯುವುದು ತುರ್ತು ವ್ಯವಸ್ಥೆ ಮಾತ್ರ. ಕ್ಯಾಪ್ಟನ್ ವಾದ ಮಾಡಲಿಲ್ಲ, ಪ್ರಯಾಣಿಕರನ್ನು ಇಳಿಸಿ ಬೇರೆ ವಿಮಾನ ಕೇಳಿದರು. ಆ ಗಡಿಬಿಡಿಯಲ್ಲಿ ಅಷ್ಟು ಬೇಗ ಒಪ್ಪಿಕೊಳ್ಳುವುದು ಸುಲಭ ಅಲ್ಲ. ಅವರ ಮೇಲಿನ ಗೌರವ ಜಾಸ್ತಿಯೇ ಆಯಿತು.

ಷರತ್ತು ಸರಿಹೊಂದಿದರೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ: ಈ ದೋಷ ಬಂದಿದ್ದು ಯಾಕೆ? 2008ರ ಆಗಸ್ಟ್ 20ರಂದು ಮ್ಯಾಡ್ರಿಡ್‌ನಲ್ಲಿ ಸ್ಪ್ಯಾನ್‌ಏರ್‌ನ ಎಂಡಿ-82 ವಿಮಾನದಲ್ಲಿ ಹೊರಗಿನ ಉಷ್ಣತೆ ಅಳೆಯುವ ಪ್ರೋಬಿನ ಹೀಟರ್ ನೆಲದಲ್ಲೇ ಬಿಸಿಯಾಗುತ್ತಿತ್ತು. ಅದು ಆಕಾಶದಲ್ಲಿ ಮಾತ್ರ ಬಿಸಿಯಾಗಬೇಕು. ಹೀಟರ್ ಇಲ್ಲದೆ ಹಾರಲು ಎಂಇಎಲ್ ಬಿಡುತ್ತಿತ್ತು. ಹಾಗಾಗಿ ಅದರ ಸರ್ಕ್ಯೂಟ್ ಬ್ರೇಕರ್ ಎಳೆದು, ಕರೆಂಟು ಕಡಿದು ಕಳಿಸಿದರು. ಆದರೆ ಆ ಹೀಟರನ್ನು ನೆಲದಲ್ಲಿ ಆಫ್ ಇಡುವ ರಿಲೇಯೇ (ಕರೆಂಟಿನಿಂದ ನಡೆಯುವ ಸ್ವಿಚ್ಚು) ಟೇಕಾಫ್‌ಗೆ ವಿಮಾನ ಸಿದ್ಧವಿಲ್ಲದಿದ್ದರೆ ಕೂಗುವ ಎಚ್ಚರಿಕೆ ವ್ಯವಸ್ಥೆಗೂ ಬೇಕಾಗಿತ್ತು. ಪೈಲಟ್‌ಗಳು ಮೇಲೇರಲು ನೆರವಾಗುವ ರೆಕ್ಕೆಯ ಫ್ಲ್ಯಾಪ್ ಇಳಿಸಲು ಮರೆತರು, ಎಚ್ಚರಿಕೆ ಕೂಗಲಿಲ್ಲ. 154 ಜನ ಸತ್ತರು. ಎಚ್ಚರಿಕೆ ಕೂಗದಿರಲು ರಿಲೇಯೇ ಕಾರಣ ಅಂತ ತನಿಖೆಯಲ್ಲಿ ಖಚಿತವಾಗಲಿಲ್ಲ. ಆದರೂ ಹೀಟರ್ ಯಾಕೆ ಬಿಸಿಯಾಯಿತು ಅಂತ ಬೆನ್ನು ಹತ್ತಿದ್ದರೆ ಆ ರಿಲೇ ಹತ್ತಿರ ಹೋಗುತ್ತಿದ್ದರು ಅಲ್ವಾ?

ಹೊಸ ಫಸ್ಟ್ ಆಫೀಸರ್‌ಗಳು (ಸಹ ಪೈಲಟ್‌ಗಳು) ಬಂದಾಗ ನಾನು ಮೊದಲು ಟೆಕ್ ಲಾಗ್‌ನ ಡಿಫರ್ ಪಟ್ಟಿ ತೆಗೆಸುತ್ತೇನೆ. ಎಂಇಎಲ್ ಪುಟ ಆಮೇಲೆ, ಷರತ್ತಿನ ಕೊನೆಯ ಸಾಲಿನವರೆಗೆ. ಅರ್ಥವಾಗದಿದ್ದರೆ ಹೊರಡಲು ಸಿಕ್ಕ ಸಮಯ (ಸ್ಲಾಟ್) ತಪ್ಪಿಹೋದರೂ ಪರವಾಗಿಲ್ಲ, ನಮ್ಮನ್ನು ಕರೆಯಿರಿ ಅಂತ ಹೇಳುತ್ತೇನೆ.